‘ಬ್ಯಾಡ’ ಎಂಬ ಕೂಗಿಗೆ ಅಂಕ ಕೊಟ್ಟವರು

ಸಂಖ್ಯಾಶಾಸ್ತ್ರವೆಂದರೆ ಬೇರೆ ವಿಷಯಕ್ಕೆ ಸೀಟು ಸಿಗದ ಬಿ.ಎಸ್ಸಿ. ವಿದ್ಯಾರ್ಥಿಗಳ ಹಣೆಬರಹ ಎಂದು ನಮ್ಮ ಕಡೆ ತಿಳಿದಿದ್ದ ಕಾಲದಲ್ಲಿ, ಆ ಶಾಸ್ತ್ರಕ್ಕೆ ಗೌರವವನ್ನೂ ಅದನ್ನು ಓದಿದವರಿಗೆ ಧೈರ್ಯವನ್ನೂ ತಂದುಕೊಟ್ಟವರು ಪ್ರಾಧ್ಯಾಪಕಿ ಶ್ರೀಮತಿ ಅನಂತಮ್ಮನವರು. ಮೂವತ್ತೆರಡು ವರ್ಷಗಳ ಸೇವೆ ಮುಗಿಸಿ ಈ ಜೂನ್‌ನಲ್ಲಿ, ಎರಡು ಸಾವಿರದ ಆರನೆಯ ಇಸವಿಯಲ್ಲಿ, ಅವರು ನಿವೃತ್ತರಾಗುತ್ತಿದ್ದಾರೆ. ಅವರ ಪಾಂಡಿತ್ಯವನ್ನು ಕುರಿತು ಈ ಸಂಪುಟದಲ್ಲಿ ನನಗಿಂತ ಬಲ್ಲವರು ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಅವರು ಮಾಡಿದ ಒಂದು ತಪ್ಪನ್ನು ಕುರಿತು. ಅಭಿನಂದನ ಗ್ರಂಥದಲ್ಲಿ ಇದೇನು ಅಪಶಕುನವೆಂದು ಸಂಪಾದಕರು ಹುಬ್ಬೇರಿಸಬಾರದು, ಕೊನೆಯವರೆಗೆ ಓದಬೇಕೆಂದು ವಿನಂತಿ.

ಶ್ರವಣಬೆಳಗೊಳದ ಬಳಿಯ ಜೈನ ಮನೆತನದಲ್ಲಿ ಹುಟ್ಟಿದ ಮೇಡಂ ಮೊದಲು ಅಧ್ಯಾಪಕಿಯಾಗಿ ಸೇರಿದ್ದು ಅರಕಲಗೂಡಿನಲ್ಲಿ. ಆಮೇಲೆ ಚನ್ನರಾಯಪಟ್ಟಣ, ಅನಂತರ ನಮ್ಮ ಹೊಳೆನರಸೀಪುರ, ಕೊನೆಗೆ ಹಾಸನ. ಸಂಭವನೀಯತೆಯ ಮೊದಲ ಪಾಠಕ್ಕೆ ಅವರು ಪುಸ್ತಕ ತರುತ್ತಿರಲಿಲ್ಲ. ಚೌಕಾಬಾರದಲ್ಲಿ ಉರುಳಿಸುವ, ಒಂದು ಮಗ್ಗುಲು ತೇಯ್ದ ಹುಣಸೆಬೀಜಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ ಮೇಜಿನ ಮೇಲೆ ಎಸೆಯುತ್ತಿದ್ದರು. ಮೂರು ಸಲ ಫೇಲಾಗಿ ಓದು ಬಿಡಲು ಹೊರಟಿದ್ದ ಹಂಸ ಎಂಬ ಹುಡುಗಿಯನ್ನು ಒಂದು ಬೇಸಿಗೆ ಪೂರ್ತಿ ತಮ್ಮ ಮನೆಯ ಜಗುಲಿಯಲ್ಲಿ ಕೂರಿಸಿಕೊಂಡು, ಆ ಬೀಜಗಳಲ್ಲೇ ಪಾಠ ಹೇಳಿ ಪಾಸು ಮಾಡಿಸಿದರು. ಆಕೆ ಈಗ ಬ್ಯಾಂಕಿನ ಅಧಿಕಾರಿ.

ಇಂಥವರು ಕ್ರಿಕೆಟ್ ಮೈದಾನಕ್ಕೆ ಬಂದದ್ದು ಆಕಸ್ಮಿಕ. ತೊಂಬತ್ತೊಂದರಲ್ಲಿ ನಮ್ಮ ಕಾಲೇಜಿನ ಪಂದ್ಯವೊಂದರಲ್ಲಿ ಸ್ಕೋರು ಬರೆಯುತ್ತಿದ್ದ ಅಟೆಂಡರ್ ಪಂಚಾಕ್ಷರಯ್ಯ ಟೀ ಕುಡಿಯಲು ಎದ್ದುಹೋಗಿ, ಒಂದು ಓವರನ್ನು ಟೀ ಜೊತೆಗೇ ನುಂಗಿಬಿಟ್ಟ. ಜಗಳ ಕೈಮೀರಿತು. ದೈಹಿಕ ಶಿಕ್ಷಣ ನಿರ್ದೇಶಕ ಚನ್ನಬಸವಯ್ಯನವರು, ಲೆಕ್ಕ ಬಲ್ಲವರು ಯಾರಾದರೂ ಸರಿ ಎಂದು, ಮುಂದಿನ ಪಂದ್ಯಕ್ಕೆ ಮೇಡಂ ಅವರನ್ನು ಕರೆತಂದು ಕೂರಿಸಿದರು. ಕ್ರಿಕೆಟ್ಟಿನ ತಲೆಬುಡ ತಿಳಿಯದ ಮೇಡಂ ಒಂದು ಗಂಟೆ ಸುಮ್ಮನೆ ಬರೆದು, ಆಮೇಲೆ ಕೇಳಿದರಂತೆ:

“ಹೊಡೆದವನ ಹೆಸರಿಗೆ ರನ್ನು ಬರೀತೀರಿ. ತಡೆದವನ ಹೆಸರಿಗೆ ಏನು ಬರೀತೀರಿ?”

“ಏನೂ ಬರ್ಯಲ್ಲ ಮೇಡಂ.”

“ಮತ್ತೆ ಪಾಪ, ಅವನು ಯಾಕೆ ಬಿಸಿಲಲ್ಲಿ ನಿಂತಿರ್ತಾನೆ?”

ಅಂದಿನಿಂದ ಶುರುವಾಯಿತು ಅವರ ‘ಫೀಲ್ಡಿಂಗ್ ಪುಸ್ತಕ’. ಕ್ಯಾಚು ಹಿಡಿದದ್ದು, ಬಿಟ್ಟದ್ದು ಇಷ್ಟನ್ನೇ ಬರೆದರೆ ಸಾಲದೆಂದು ಅವರು ಮೈದಾನವನ್ನು ಹದಿನಾರು ಭಾಗ ಮಾಡಿದರು. ಯಾವ ಚೆಂಡು ಯಾವ ಭಾಗಕ್ಕೆ ಹೋಯಿತು, ಅಲ್ಲಿದ್ದವನು ಎಷ್ಟು ದೂರ ಓಡಿದ, ಬ್ಯಾಟ್ಸ್‌ಮನ್‌ಗಳು ಎಷ್ಟು ರನ್ನು ತೆಗೆದರು, ಎಲ್ಲವೂ ಪುಸ್ತಕಕ್ಕೆ ಏರಿತು. ಇನ್ನೊಂದು ರನ್ನಿಗೆ ಓಡಿದವರನ್ನು ಫೀಲ್ಡರು ತಡೆದರೆ ಅಥವಾ ಔಟು ಮಾಡಿದರೆ ಅವನಿಗೆ ಅಂಕ, ತಡೆಯಲಾಗದಿದ್ದರೆ ಕಡಿತ. ಚನ್ನಬಸವಯ್ಯನವರಿಗೆ ಇದು ಸರಿಬರಲಿಲ್ಲ. “ಫೀಲ್ಡರ್ ಎಂಥಾವ್ನು ಅಂತ ಕಣ್ಣಿಗ್ ಕಾಣುತ್ತೆ ಮೇಡಂ. ತಕ್ಕಡೀಲಿ ಆಕಿ ತೂಗಕ್ಕಾದದಾ?” ಎನ್ನುತ್ತಿದ್ದರು. “ಕಣ್ಣು ತನಗೆ ಬೇಕಾದವರನ್ನ ಜಾಸ್ತಿ ನೋಡುತ್ತೆ ಸಾರ್” ಎಂದು ಮೇಡಂ ಉತ್ತರಿಸುತ್ತಿದ್ದರು. ಎರಡು ವರ್ಷ ಈ ವಾದ ಸ್ಟಾಫ್ ರೂಮಿನಲ್ಲಿ ನಡೆಯಿತು.

ಆದರೆ ಜಿಲ್ಲಾ ತಂಡದ ಆಯ್ಕೆ ಸಮಿತಿಗೆ ಈ ಪುಸ್ತಕ ವರದಾನವಾಗಿ ಕಂಡಿತು. ಪ್ರತಿ ವರ್ಷ ನಮ್ಮ ಹುಡುಗ, ನಿಮ್ಮ ಹುಡುಗ ಎಂಬ ದೂರು ಕೇಳಿ ಸಾಕಾಗಿದ್ದ ಸಮಿತಿ ತೊಂಬತ್ತಮೂರರಲ್ಲಿ ಮೇಡಂ ಅವರಿಂದಲೇ ಅಂಕಪಟ್ಟಿ ತರಿಸಿಕೊಂಡಿತು. ಬೌಂಡರಿ ಕಾಯುವ ಫೀಲ್ಡರನಿಗೆ ಇದ್ದದ್ದು ಒಂದೇ ಜಾಗ. ಅದಕ್ಕೆ ನಿಂತವರು ಇಬ್ಬರು, ವಯೋಮಿತಿಯ ಪ್ರಕಾರ ಇಬ್ಬರಿಗೂ ಅದೇ ಕೊನೆಯ ವರ್ಷ. ಒಬ್ಬ ಅರಕಲಗೂಡು ಕಡೆಯಿಂದ ನಮ್ಮ ಕಾಲೇಜಿಗೆ ಬಂದಿದ್ದ ಪಾಲಾಕ್ಷ, ಆಲೂಗಡ್ಡೆ ಮೂಟೆ ಎತ್ತಿ ಎತ್ತಿ ತೋಳು ಗಟ್ಟಿಮಾಡಿಕೊಂಡವನು. ಇನ್ನೊಬ್ಬ ಈ ಲೇಖಕ. ನನ್ನ ಅಂಕ ಹದಿನಾಲ್ಕು, ಅವನದು ಮೂರು. ಪಟ್ಟಿಯಲ್ಲಿ ನನ್ನ ಹೆಸರು ಬಂತು. ನಮ್ಮ ತಾಯಿ ಸರಸಮ್ಮನವರು ಇಡೀ ಬೀದಿಗೆ ಸಜ್ಜಿಗೆ ಹಂಚಿದರು.

ಮರುವಾರ ಭಾನುವಾರ ಅಭ್ಯಾಸದ ಪಂದ್ಯ. ನಾನು ಬ್ಯಾಟು ಮಾಡುತ್ತಿದ್ದೆ. ಚೆಂಡನ್ನು ದೂರಕ್ಕೆ ತಳ್ಳಿ ಒಂದು ರನ್ನು ಮುಗಿಸಿದೆ. ಜೊತೆಗಾರ ಇನ್ನೊಂದಕ್ಕೆ ಹೊರಡಲು ನೋಡಿದ. ಚೆಂಡಿನ ಹತ್ತಿರ ಪಾಲಾಕ್ಷ ಇರುವುದನ್ನು ಕಂಡ ನಾನು ಗಂಟಲು ಹರಿಯುವಂತೆ “ಬ್ಯಾಡ! ಬ್ಯಾಡ!” ಎಂದು ಕೂಗಿದೆ. ಅವನು ನಿಂತ. ಪಾಲಾಕ್ಷ ಚೆಂಡನ್ನು ಬೌಲರಿಗೆ ಎಸೆದ. ನೋಡುವವರಿಗೆ ಏನೂ ನಡೆಯಲಿಲ್ಲ. ಪುಸ್ತಕದ ಪ್ರಕಾರವೂ ಏನೂ ನಡೆಯಲಿಲ್ಲ: ಒಂದು ರನ್ನು, ಪಾಲಾಕ್ಷನಿಗೆ ಸೊನ್ನೆ. ಮೇಡಂ ಮಾತ್ರ ಪೆನ್ನು ಹಿಡಿದವರು ತಲೆ ಎತ್ತಿದರು.

ನಾನು ಔಟಾಗಿ ಬಂದಾಗ ಹತ್ತಿರ ಕರೆದರು. “ಆತ್ರೇಯ, ಆಗ ಬೇಡ ಅಂತ ಕೂಗಿದೆಯಲ್ಲ, ಯಾಕೆ? ಎರಡು ರನ್ನು ಆಗ್ತಿತ್ತು.”

“ಅಲ್ಲಿ ಪಾಲಾಕ್ಷ ಇದ್ದನಲ್ಲ ಮೇಡಂ. ಅವನ ಕೈಗೆ ಚೆಂಡು ಹೋದ್ರೆ ಯಾರು ಓಡ್ತಾರೆ?”

ಹೇಳಿದ ಮೇಲೆ ನನಗೆ ನನ್ನ ಮಾತು ಕೇಳಿಸಿತು. ನಾನು ಕಾಯುತ್ತಿದ್ದ ಕಡೆಗೆ ಎಲ್ಲರೂ ಧೈರ್ಯವಾಗಿ ಓಡುತ್ತಿದ್ದರು. ಹಾಗೆ ಓಡಿದವರಲ್ಲಿ ಅಷ್ಟಿಷ್ಟು ಜನರನ್ನು ತಡೆದು ನಾನು ಅಂಕ ಗಳಿಸುತ್ತಿದ್ದೆ. ಪಾಲಾಕ್ಷನ ಕಡೆಗೆ ಓಡುವವರೇ ಇಲ್ಲದ ಮೇಲೆ ಅವನು ತಡೆಯುವುದು ಯಾರನ್ನು?

ಪಂದ್ಯ ಮುಗಿದ ಮೇಲೆ ಮೇಡಂ ಸ್ಟಾಫ್ ರೂಮಿನಲ್ಲಿ ಎರಡು ವರ್ಷದ ಪುಸ್ತಕಗಳನ್ನು ಹರಡಿಕೊಂಡು ಕೂತರು. ಸೂರ್ಯ ಮುಳುಗಿದ ಮೇಲೆ ಅವರು ಅನ್ನ ಮುಟ್ಟುವುದಿಲ್ಲ. ಅದಕ್ಕಾಗಿ ಪಂದ್ಯದ ದಿನ ಮನೆಯಿಂದ ಬುತ್ತಿ ತರುತ್ತಿದ್ದರು. ಕಿಟಕಿಯಿಂದ ನೋಡಿದೆ. ಹೊಳೆಯ ಕಡೆ ಹೊತ್ತು ಇಳಿದಿತ್ತು, ಮೇಜಿನ ಮೇಲಿದ್ದ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ನನಗೆ ಒಳಗೆ ಹೋಗುವ ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ, ಹಾಸನದ ಮೊದಲ ಬಸ್ಸಿಗೆ ಮುಂಚೆ, ಮೇಡಂ ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಕೂರಿ ಎಂದರೂ ಕೂರಲಿಲ್ಲ.

“ನಿಮ್ಮಿಬ್ಬರ ಕಡೆಗೂ ಹೋದ ಒಂದೇ ಥರದ ನೂರು ನೂರು ಚೆಂಡು ನೋಡಿದೆ ಕಣಪ್ಪ. ನಿನ್ನ ಕಡೆ ಹೋದಾಗ ಐವತ್ತೆಂಟು ಸಲ ಎರಡನೇ ರನ್ನಿಗೆ ಓಡಿದಾರೆ. ಅವನ ಕಡೆ ಹದಿನೈದೇ ಸಲ. ಓಡದೆ ನಿಂತದ್ದಕ್ಕೆ ನನ್ನ ಪುಸ್ತಕದಲ್ಲಿ ಅಂಕ ಇರಲಿಲ್ಲ. ಈಗ ಹಾಸನಕ್ಕೆ ಹೋಗಿ ಹೇಳ್ತೀನಿ. ನಿನ್ನ ಹೆಸರು ಹೋಗುತ್ತೆ.”

ನಾನು ಆಗ ಆಡಿದ ಮಾತನ್ನು ಹದಿಮೂರು ವರ್ಷ ಯಾರಿಗೂ ಹೇಳಿಲ್ಲ. “ಪಟ್ಟಿ ಹೋಗಿಯಾಗಿದೆಯಲ್ಲ ಮೇಡಂ. ಸುಮ್ಮನಿದ್ದುಬಿಡಿ, ಯಾರಿಗೂ ಗೊತ್ತಾಗಲ್ಲ” ಎಂದೆ.

ಅವರು ಬೈಯಲಿಲ್ಲ. “ನಿನಗೆ ಗೊತ್ತಾಗಿದೆ, ನನಗೆ ಗೊತ್ತಾಗಿದೆ. ಇನ್ನು ಯಾರಿಗೆ ಗೊತ್ತಾಗ್ಬೇಕು? ತಪ್ಪು ನಂದು ಆತ್ರೇಯ, ನಷ್ಟ ಮಾತ್ರ ನಿಂದು. ಅದಕ್ಕೇ ಮೊದಲು ಇಲ್ಲಿಗೆ ಬಂದೆ” ಎಂದು ಹೇಳಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಹಾಸನದಲ್ಲಿ ನಡೆದದ್ದನ್ನು ಜೊತೆಗೆ ಹೋಗಿದ್ದ ಚನ್ನಬಸವಯ್ಯನವರು ಬಹಳ ಕಾಲದ ಮೇಲೆ ನನಗೆ ಹೇಳಿದರು. ಸಮಿತಿಯ ಒಬ್ಬರು ನಕ್ಕರಂತೆ: “ನೀವೇ ತಪ್ಪು ಅಂದ್ರೆ ನಾಳೆ ನಿಮ್ ಪುಸ್ತಕಾನ ಯಾರ್ ನಂಬ್ತಾರೆ ಮೇಡಂ?” ಮೇಡಂ, “ನಂಬಬೇಡಿ. ತಿದ್ದಿ ತಂದಿದೀನಿ, ಪರೀಕ್ಷೆ ಮಾಡಿ” ಎಂದು ಪುಸ್ತಕವನ್ನು ಅವರ ಮುಂದೆ ತಳ್ಳಿದರಂತೆ. ಪಾಲಾಕ್ಷ ತಂಡಕ್ಕೆ ಸೇರಿದ. ಸಮಿತಿ ಮತ್ತೆಂದೂ ಮೇಡಂ ಅವರನ್ನು ಅಂಕ ಕೇಳಲಿಲ್ಲ. “ಅವತ್ತಿಂದ ನಾನು ಅವ್ರ್ ಕೂಡೆ ವಾದ ಬುಟ್ಬುಟ್ಟೆ ಕಣಯ್ಯ. ಗೆದ್ದೋನ್ ನಾನೇಯ, ಆದ್ರೂ ಗೆದ್ದಂಗ್ ಅನ್ನಿಸ್ನಿಲ್ಲ” ಎಂದರು ಚನ್ನಬಸವಯ್ಯನವರು. ಬಸ್ಸಿನಲ್ಲಿ ವಾಪಸು ಬರುವಾಗ ಮೇಡಂ ಚನ್ನಬಸವಯ್ಯನವರಿಂದ ಒಂದು ಮಾತು ತೆಗೆದುಕೊಂಡಿದ್ದರು: ಇದು ಪಾಲಾಕ್ಷನಿಗೆ ತಿಳಿಯಬಾರದು. ಅವನಿಗೆ ಸಲ್ಲಬೇಕಾದ್ದು ಸಂದಿದೆ, ಯಾರದೋ ಋಣವೆಂದುಕೊಂಡು ಅವನೇಕೆ ಆಡಬೇಕು ಎಂದು.

ನಾನು ಆ ವರ್ಷ ಪೂರ್ತಿ ಮೂತಿ ಊದಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂತೆ. ಮೇಡಂ ಪಾಠದಲ್ಲಿ ಎಂದಿನಂತೆ ನನ್ನನ್ನೂ ಪ್ರಶ್ನೆ ಕೇಳಿದರು, ಎಂದಿನಂತೆ ಉತ್ತರ ತಿದ್ದಿದರು. ಎಂ.ಎಸ್ಸಿ.ಗೆ ಅರ್ಜಿ ಹಾಕುವಾಗ, ನಾನು ಕೇಳುವ ಮೊದಲೇ, ಕೈಬರಹದಲ್ಲಿ ಮೂರು ಪುಟದ ಶಿಫಾರಸು ಪತ್ರ ಬರೆದು ಇಟ್ಟಿದ್ದರು. ಅದನ್ನು ಓದಿ ಕಾರಿಡಾರಿನಲ್ಲಿ ನಿಂತು ಅತ್ತೆ. ಇವತ್ತು ಚನ್ನರಾಯಪಟ್ಟಣದಲ್ಲಿ, ಅವರು ಪಾಠ ಮಾಡಿದ್ದ ಕೋಣೆಯಲ್ಲೇ, ಸಂಖ್ಯಾಶಾಸ್ತ್ರ ಕಲಿಸಿ ಅನ್ನ ತಿನ್ನುತ್ತಿದ್ದೇನೆ. ಸಾವಿರಾರು ಲೆಕ್ಕ ಮಾಡಿದ್ದೇನೆ. ನನ್ನದೇ ಲೆಕ್ಕ ತಪ್ಪೆಂದು ಹೇಳಲು ಬೆಳಗಿನ ಬಸ್ಸು ಹತ್ತುವಷ್ಟು ಎದೆ ನನಗೆ ಇನ್ನೂ ಬಂದಿಲ್ಲ. ಹಾಗೆ ಹತ್ತಿದವರನ್ನು ಕಂಡಿದ್ದೇನೆ ಎಂಬುದೇ ನನ್ನ ಪುಣ್ಯ.

ಮೇಡಂ ಅವರು ನೂರು ವರ್ಷ ಬಾಳಲಿ, ಸಮಿತಿ ಕೇಳದಿದ್ದರೂ ಬಿಡದೆ ಬರೆಯುತ್ತ ಬಂದ ಹದಿನಾಲ್ಕು ವರ್ಷಗಳ ಆ ಪುಸ್ತಕಗಳನ್ನು ಗ್ರಂಥವಾಗಿಸಲು ಆಯುರಾರೋಗ್ಯ ಅವರಿಗಿರಲಿ ಎಂದು ಹಾರೈಸಿ ನಾನು ಇಲ್ಲಿಗೆ ಲೇಖನಿ ಕೆಳಗಿಡಬಹುದಿತ್ತು. ಆದರೆ ಪಾಲಾಕ್ಷ ಈಗ ಹಿರೀಸಾವೆ ಕಡೆಯ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ, ನನ್ನ ಆಪ್ತ ಗೆಳೆಯ. ಸಿಕ್ಕಾಗಲೆಲ್ಲ ಬೆನ್ನಿಗೆ ಗುದ್ದಿ, “ನಿನ್ ಜಾಗ ನಾನ್ ಒಡ್ಕಂಬುಟ್ಟೆ ಕಣ್ಲಾ ಆತ್ರೇಯ! ಎಲ್ಲಾ ಚನ್ನಬಸವಯ್ಯನೋರ್ ದಯೆ” ಎಂದು ನಗುತ್ತಾನೆ. ನಿಜ ಹೇಳಿದರೆ ಅಂದು ಬಾಗಿಲಲ್ಲಿ ನಿಂತು ನಾನು ಆಡಿದ ಮಾತನ್ನೂ ಹೇಳಬೇಕಾಗುತ್ತದೆಂದು ನಾನೂ ಜೊತೆಗೆ ನಗುತ್ತಾ ಬಂದಿದ್ದೇನೆ.

ಮೇಡಂ, ಮುಚ್ಚಿಡಿ ಎಂದು ನೀವು ಕೇಳಿದ್ದನ್ನು ಮೀರುತ್ತಿದ್ದೇನೆ, ಕ್ಷಮಿಸಬೇಕು. ಪಾಲಾಕ್ಷ, ನಿನ್ನನ್ನು ಆ ತಂಡಕ್ಕೆ ಸೇರಿಸಿದವರು ಮೇಡಂ. ಸುಮ್ಮನಿರಿ ಎಂದು ಅವರನ್ನು ಕೇಳಿಕೊಂಡವನು ನಾನು. ಸಮಾರಂಭದ ದಿನ ಅವರಿಗೆ ಮೊದಲ ಹಾರ ನೀನು ಹಾಕು. ಆಮೇಲೆ ನನ್ನನ್ನು ಮಾತಾಡಿಸುವುದು ಬಿಡುವುದು ನಿನಗೆ ಬಿಟ್ಟದ್ದು.