ಮಗು ತಾಯಿಯದು ಎಂದ ಕಾನೂನು

ಎಕ್ಸ್‌ಪೋ ಜಾಗತಿಕ ಮೇಳ ದುಬೈಗೆ ಸಿಕ್ಕಿತೆಂದು ಪಟಾಕಿ ಹಾರಿಸಿದ ಮರುವರ್ಷ ನಾನು ಅಲ್ಲಿನ ಸಿಲಿಕಾನ್ ಓಯಸಿಸ್‌ನ ಒಂದು ಮನೆಗೆ ಪಾಠ ಹೇಳಲು ಹೋಗುತ್ತಿದ್ದೆ. ಉಡುಪಿ ಕಡೆಯ ಗುತ್ತಿನ ಮನೆತನದವರು, ಎಂದರೆ ಹಿಂದೆ ಊರಿನ ಗದ್ದೆಗಳ ಒಡೆಯರು. ಮಗಳು ಎಂಟನೆಯ ತರಗತಿ, ಅಮೆರಿಕನ್ ಸಿಲಬಸ್. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇತಿಹಾಸದಲ್ಲಿ ಎಂ.ಎ. ಆ ಹೆಮ್ಮೆಯನ್ನು ನಾನು ಮುಚ್ಚಿಡುವುದಿಲ್ಲ.

ಒಂದು ಸಂಜೆ ಹೋದಾಗ, ಮರುದಿನ ಬೆಳಿಗ್ಗೆ ಹುಡುಗಿ ತರಗತಿಯ ಮುಂದೆ ವಸಾಹತು ಕಾಲದ ಅಮೆರಿಕದ ಗುಲಾಮರ ಬದುಕಿನ ಬಗ್ಗೆ ಮಾತಾಡಬೇಕಿತ್ತು. ಬರೆದದ್ದನ್ನು ತೋರಿಸಿದಳು. ತಂಬಾಕಿನ ಹೊಲ, ಹೊರಗೆ ಹೋಗಲು ಯಜಮಾನನ ಚೀಟಿ, ಎಲ್ಲ ಸರಿಯಿತ್ತು. ಕೊನೆಗೆ ಹೀಗಿತ್ತು: ವರ್ಜೀನಿಯಾದ ಕಾನೂನಿನಲ್ಲಿ ಮಗು ತಾಯಿಗೆ ಸೇರುತ್ತಿತ್ತು; ನಮ್ಮ ಅಳಿಯಸಂತಾನದ ಹಾಗೆ ಅಲ್ಲಿಯೂ ಹೆಣ್ಣಿಗೆ ಗೌರವವಿತ್ತು.

ಆ ಸಾಲಿನ ಮೇಲೆ ಬೆರಳಿಟ್ಟೆ.

"ಅದು ನಾನೇ ಹೇಳಿ ಬರೆಸಿದ್ದು ಟೀಚರೇ," ಎಂದರು ತಾಯಿ. "ನನಗೆ ನನ್ನ ಅಮ್ಮನ ಕುಲ, ಇವಳಿಗೆ ನಂದು. ಅಮೆರಿಕದವರಿಗೂ ಬುದ್ಧಿ ಇತ್ತು ನೋಡಿ!"

"ಆ ಸಾಲು ತೆಗೆಯಬೇಕು."

"ಬಟ್ ವೈ, ಟೀಚರ್?" ಎಂದಳು ಹುಡುಗಿ.

ಹೇಳಿದರೆ ಈ ಮನೆಯ ಪಾಠ ತಪ್ಪಬಹುದು. ಹೇಳದಿದ್ದರೆ ನಾಳೆ ಈ ಹುಡುಗಿ ಇದನ್ನೇ ನಗುನಗುತ್ತಾ ಓದುತ್ತಾಳೆ. ಅವಳ ಪಕ್ಕದ ಬೆಂಚಿನ ಅಮೆರಿಕನ್ ಗೆಳತಿ ಆ ಗುಲಾಮರ ವಂಶದವಳೇ ಎಂದು ಅವಳೇ ಹಿಂದೊಮ್ಮೆ ಹೇಳಿದ್ದಳು.

"ಇಂಗ್ಲಿಷರ ರೂಢಿಯಲ್ಲಿ ಮಗು ತಂದೆಯದು," ಎಂದೆ. "ಗುಲಾಮ ಹೆಂಗಸರಿಗೆ ಮಾತ್ರ ಅದನ್ನು ತಿರುಗಿಸಿದರು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ತಂದೆ ಯಜಮಾನನೇ ಆಗಿದ್ದರೂ."

"ಅಂದ್ರೆ ಅವನು ತನ್ನದೇ ಮಗುವನ್ನ ಮಾರಬಹುದಿತ್ತಾ?"

"ಮಾರಬಹುದಿತ್ತು."

"ಖಲಾಸ್!" ತಾಯಿ ಎದ್ದುಬಿಟ್ಟರು. "ಎಂತದು ಟೀಚರೇ, ಇಷ್ಟು ಸಣ್ಣ ಹುಡುಗಿಗೆ? ಅದೆಲ್ಲ ಆ ದೇಶದವರ ಹೊಲಸು. ನಮ್ಮಲ್ಲಿ ಅಂಥದ್ದೆಲ್ಲ ಇರ್ಲಿಲ್ಲ ಮಾರಾಯ್ರೆ."

ಸುಮ್ಮನಿರಬಹುದಿತ್ತು. ಆ ಮನೆಯಲ್ಲಿ ಎರಡು ವರ್ಷ ಸುಮ್ಮನಿದ್ದವಳು ನಾನು. ಊರು ಯಾವುದೆಂದು ಕೇಳಿದಾಗಲೆಲ್ಲ ತಾಲೂಕಿನ ಹೆಸರು ಹೇಳಿ ಮಾತು ತೇಲಿಸುತ್ತಿದ್ದೆ.

"ಇತ್ತು," ಎಂದೆ. "ನನ್ನ ಅಜ್ಜಿ ಮೂಲದಾಳು, ಹುಟ್ಟಿನಿಂದಲೇ ಜೀತ. ಗುತ್ತಿನ ಗದ್ದೆಯ ಜೊತೆಗೇ ಲೆಕ್ಕಕ್ಕೆ ಬಂದವರು. ಅವರಿಗೆ ಹುಟ್ಟಿದ ಮಕ್ಕಳೂ ಅದೇ ಗದ್ದೆಗೆ. ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ಇರಲಿಲ್ಲ ಅಂತ ನೀವೂ ಹೇಳಬೇಡಿ."

ನಾನು ಚಹಾ ಕುಡಿದಿಟ್ಟ ಕಪ್ಪಿನ ಮೇಲೆ ಅವರ ಕಣ್ಣು ಹೋಯಿತು. ಹೋದದ್ದನ್ನು ನಾನು ನೋಡಿದೆನೆಂದು ಅವರಿಗೂ ಗೊತ್ತಾಯಿತು.

"ಅಮ್ಮಾ, ನಮ್ಮ ಗುತ್ತಲ್ಲೂ..."

"ನೀನು ಮೊದ್ಲು ಆ ಸಾಲು ತೆಗೆ!" ಆಮೇಲೆ ನನ್ನತ್ತ ತಿರುಗದೆಯೇ, "ಮುಂದಿನ ವಾರ ಬರುವುದು ಬೇಡ ಟೀಚರೇ. ನಾನೇ ಫೋನ್ ಮಾಡ್ತೇನೆ," ಎಂದರು.

ಮಾಡುವುದಿಲ್ಲವೆಂದು ಗೊತ್ತಿತ್ತು. ಬ್ಯಾಗು ಹೆಗಲಿಗೇರಿಸಿದೆ. ಹುಡುಗಿ ಸಾಲನ್ನು ಅಳಿಸಿ, ತಲೆ ಎತ್ತದೆ ಹೊಸದನ್ನು ಟೈಪ್ ಮಾಡುತ್ತಿದ್ದಳು: ತಾಯಿ ಗುಲಾಮಳಾದರೆ ಮಗುವೂ ಗುಲಾಮ, ತಂದೆ ಯಾರೇ ಆಗಿರಲಿ. ತಾಯಿ ಅವಳ ಹಿಂದೆ ನಿಂತು ಓದಿದರು. ಅಳಿಸು ಎನ್ನಲಿಲ್ಲ.