ದೋಣಿ ಬರುವವರೆಗೆ ಕೊನೆಯ ಅಧ್ಯಾಯ ಇಲ್ಲ

ಒಣಸಿಗಡಿ ಹುರಿಯುವ ವಾಸನೆ ಬಂದರೆ ನನಗೆ ಹಿಮದ ಬೆಟ್ಟಗಳು ನೆನಪಾಗುತ್ತವೆ. ನಗಬೇಡಿ. ಬಾಲ್ಯದಲ್ಲಿ ಕುಮಟಾದ ಲೈಬ್ರರಿಯಿಂದ ಪರ್ವತಾರೋಹಿಗಳ ಜೀವನಚರಿತ್ರೆ ತಂದು, ಅಂಗಳದಲ್ಲಿ ಸಿಗಡಿ ಹರವುತ್ತಿದ್ದ ಅಮ್ಮನಿಗೆ ಜೋರಾಗಿ ಓದಿ ಹೇಳುತ್ತಿದ್ದೆ. ಅಮ್ಮನಿಗೆ ಓದು ಬರುತ್ತಿರಲಿಲ್ಲ; ಪ್ರಶ್ನೆಗಳಿಗೇನೂ ಬರವಿರಲಿಲ್ಲ.

"ಅಷ್ಟು ಮೇಲೆ ಎಂತ ಸಿಗ್ತದೆ ಅಂತ ಹತ್ತುದು ಅವ?"

"ಎಂತದೂ ಸಿಗೂದಿಲ್ಲ ಅಮ್ಮ."

"ಹಂಗಾರೆ ಅವ್ನ ಹೆಂಡ್ತಿ ಹೋಗೂಕೆ ಎಂತಕ್ಕೆ ಬಿಟ್ಳು?"

ಆ ಪುಸ್ತಕಗಳಲ್ಲಿ ಹೆಚ್ಚಿನವರು ಕೊನೆಗೆ ಹಿಮದಿಂದ ಮರಳುತ್ತಿರಲಿಲ್ಲ. ಒಂದೆರಡು ಪುಸ್ತಕ ಮುಗಿಯುವಷ್ಟರಲ್ಲಿ ಅಮ್ಮನಿಗೆ ಇದು ಗೊತ್ತಾಗಿಹೋಯಿತು. ಆಮೇಲೆ, ಅಪ್ಪ ಮೀನಿಗೆಂದು ಕಡಲಿಗೆ ಹೋದಾಗ ನಾನು ಕೊನೆಯ ಅಧ್ಯಾಯಕ್ಕೆ ಬಂದರೆ ಸಾಕು, ಸಿಗಡಿ ಮುಟ್ಟಿದ ಕೈಯಲ್ಲೇ ಪುಸ್ತಕ ಮುಚ್ಚಿಬಿಡುತ್ತಿದ್ದಳು.

"ದೋಣಿ ಬರ್ಲಿ. ಆಮೇಲೆ ಓದು."

ಮನಸ್ಸಿನಲ್ಲೇ ಓದಿಕೊಳ್ಳುತ್ತೇನೆಂದರೂ ಕೊಡುತ್ತಿರಲಿಲ್ಲ. ಎಲ್ಲೋ ಹಿಮದಲ್ಲಿ ಸತ್ತವನಿಗೂ ನಮ್ಮ ದೋಣಿಗೂ ಏನು ಸಂಬಂಧ ಎಂದು ನನಗೆ ಸಿಟ್ಟು ಬರುತ್ತಿತ್ತು. ಚಡಪಡಿಸುತ್ತಾ ಮನೆಗೂ ದಂಡೆಗೂ ಓಡಾಡುತ್ತಿದ್ದೆ. ಆ ಕಾಯುವಿಕೆ ಅಪ್ಪನಿಗಾಗಿಯೋ, ಪುಸ್ತಕಕ್ಕಾಗಿಯೋ, ಈಗಲೂ ಹೇಳಲಾರೆ. ದೋಣಿ ಕಂಡೊಡನೆ ಮನೆಗೆ ಓಡಿಬಂದು, ಉಸಿರು ಬಿಡದೆ ಕೊನೆಯ ಪುಟಗಳನ್ನು ಓದಿ ಮುಗಿಸುತ್ತಿದ್ದೆ. ಆಗ ಅಮ್ಮ ಸತ್ತವನಿಗಾಗಿ ನಿರಾಳವಾಗಿ ಅಳುತ್ತಿದ್ದಳು.

ಈಗ ನನ್ನ ಮಗಳು ಹಿಮಾಲಯ ಹತ್ತಲು ಹೋಗಿದ್ದಾಳೆ. ನಿನ್ನೆಯಿಂದ ಅವಳು ಫೋನಿಗೆ ಸಿಗುತ್ತಿಲ್ಲ. ಬೆಳಿಗ್ಗೆ ಅವಳ ಮೇಜಿನ ಮೇಲೆ ಒಬ್ಬ ಪರ್ವತಾರೋಹಿಯ ಜೀವನಚರಿತ್ರೆ ಸಿಕ್ಕಿತು. ಒಂದೇ ಸಮನೆ ಓದಿದೆ. ಕೊನೆಯ ಅಧ್ಯಾಯ ಬಾಕಿ ಇದೆ.

ಪುಸ್ತಕ ಮುಚ್ಚಿಟ್ಟು, ಸಿಗಡಿ ಹುರಿಯುತ್ತಾ ನಿಂತಿದ್ದೇನೆ.