ಮರಳುಗಾಡಿನ ಲಾಡ್ಜಿನಲ್ಲಿ ಮುದ್ದೆ

ಮಳವಳ್ಳಿಯಲ್ಲಿ ಲಾರಿ ಮೆಕ್ಯಾನಿಕ್ಕಾಗಿದ್ದ ನಾನು ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನ್ಯ ಸೇರಿ ಈಜಿಪ್ಟಿನ ಮರಳುಗಾಡಿಗೆ ಹೋದೆ. ನನ್ನ ಡೇರೆಯಲ್ಲೇ ಹಲಗೂರಿನ ರೈತನ ಮಗನೊಬ್ಬನಿದ್ದ. ಒಮ್ಮೆ ರಜೆ ಸಿಕ್ಕಾಗ ಇಬ್ಬರೂ ಖರ್ಜೂರದ ತೋಪಿನ ಪಕ್ಕದ ಸಣ್ಣ ಲಾಡ್ಜೊಂದರಲ್ಲಿ ಉಳಿದೆವು. ಗೆಳೆಯನ ತಾಯಿ ಕಳಿಸಿದ್ದ ರಾಗಿಹಿಟ್ಟು ಜೊತೆಗಿತ್ತು. ಬಾಗಿಲ ಬಳಿ ಸಿಕ್ಕ ಊರುಗೋಲನ್ನೇ ತೊಳೆದು ಅವನು ಮುದ್ದೆ ತಿರುವಿದ.

ಊರುಗೋಲು ಹುಡುಕುತ್ತ ಬಂದವನು ಲಾಡ್ಜಿನ ಯಜಮಾನ, ದಪ್ಪ ಮೀಸೆಯ ಮುದುಕ. ಹಿಟ್ಟು ಮೆತ್ತಿದ ಕೋಲು ಕಂಡು ಸಿಡುಕಿದ ಅವನನ್ನು ಸಮಾಧಾನ ಮಾಡಲು, ನನಗೆ ಗೊತ್ತಿದ್ದ ನಾಲ್ಕು ಅರಬ್ಬಿ ಮಾತಿನಲ್ಲಿ ಊಟಕ್ಕೆ ಕರೆದೆ.

"ಅಗಿಬ್ಯಾಡ, ನುಂಗು ಅಂತ ಯೋಳ್ಲಾ ಅವನ್ಗೆ," ಎಂದ ಗೆಳೆಯ.

ಹೇಳಿದೆ. ತುತ್ತು ಸಣ್ಣದಿರಲಿ ಎಂದು ಮಾತ್ರ ಬೇಕೆಂದೇ ಹೇಳಲಿಲ್ಲ. ಮುದುಕ ಅರ್ಧ ಮುದ್ದೆಯನ್ನೇ ಬಾಯಿಗಿಟ್ಟ. ಕಣ್ಣು ಮೇಲಕ್ಕೆ ಹೋಯಿತು, ಮೀಸೆ ನಡುಗಿತು. ಗೆಳೆಯ ಗಾಬರಿಯಾಗಿ ಬೆನ್ನಿಗೆ ಗುದ್ದಿದ ಮೇಲೆ ತುತ್ತು ಕೆಳಗಿಳಿಯಿತು. ಮುದುಕ ನೀರು ಕುಡಿದು, ನಮ್ಮಿಬ್ಬರನ್ನೂ ದಿಟ್ಟಿಸಿ ನೋಡಿ, ಮೆಲ್ಲಗೆ ನಕ್ಕ.

ಮರುದಿನ ಬೆಳಿಗ್ಗೆ ಅವನು ತನ್ನ ಒಂಟೆಯನ್ನು ಕೂರಿಸಿ, ಸವಾರಿಗೆ ಬನ್ನಿ ಎಂದು ಬಹಳ ಆದರದಿಂದ ಕರೆದ. ಇಬ್ಬರೂ ಹತ್ತಿ ಜಂಬದಿಂದ ಕುಳಿತೆವು. ಒಂಟೆ ಏಳುವಾಗ ಮೊದಲು ಹಿಂಭಾಗ ಎತ್ತಿ ಮುಂದಕ್ಕೆ ಬಾಗುತ್ತದೆಂದು ನಮಗೇನು ಗೊತ್ತು? ಮುಂದಿದ್ದ ನಾನು ಮರಳಿಗೆ ಮುಖ ಕೊಟ್ಟು ಬಿದ್ದೆ. ಗೆಳೆಯ ನನ್ನ ಮೇಲೆ ಬಿದ್ದ.

"ಬುಡ್ಲಾ, ಅವನ್ದೂ ನಮ್ದೂ ಸರಿಯೋಯ್ತು ಕಣ್ಲಾ," ಎಂದ ಅವನು, ಮರಳು ಉಗಿಯುತ್ತ.

ಮುದುಕ ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಒಳಗೆ ಹೋಗಿ, ನಮಗೆ ಪುದೀನ ಹಾಕಿದ ಚಹಾ ತಂದುಕೊಟ್ಟ.